ಸಾಧಾರಣ ಫ್ಯಾಕ್ಸ್ ಯಂತ್ರವನ್ನು ಆರಿಸಿ ಕೊಳ್ಳುವ ಕ್ರಮ

ಜಮೀನಿನ ವ್ಯವಹಾರದಲ್ಲಿ ಕಾಗದಪತ್ರಗಳ ಮಟ್ಟಿಗೆ ಮೂರು ಗುಣಗಳು ಅವಶ್ಯಕ. ಕಾಗದವು ಸಕಾಲದಲ್ಲಿ ತಲುಪಬೇಕು; ತಲುಪಿದ ಕಾಗದವು ತಪ್ಪಿಲ್ಲದೆ ಓದಲು ಬರಬೇಕು; ಓದಿದ ಕಾಗದವು ಬೇಕಾದಷ್ಟು ವರ್ಷ ಅಳಿಯದೆ ಉಳಿಯಬೇಕು. ಫ್ಯಾಕ್ಸ್ ಯಂತ್ರವು ಇವುಗಳಲ್ಲಿ ಮೊದಲನೆಯದನ್ನು ಮಾತ್ರ ತಾನಾಗಿಯೇ ನೆರವೇರಿಸುತ್ತದೆ. ಮಿಕ್ಕ ಎರಡೂ ಕೊಳ್ಳುವವರ ವಿವೇಕವನ್ನು ಅವಲಂಬಿಸಿವೆ. ಎತ್ತನ್ನು ಕೊಳ್ಳುವಾಗ ಬಣ್ಣಕ್ಕೆ ಮರುಳಾಗದೆ ಹಲ್ಲು, ಗೊರಸು, ನಡಿಗೆಗಳನ್ನು ನೋಡುವ ರೈತನು ಯಂತ್ರವನ್ನು ಕೊಳ್ಳುವಾಗಲೂ ಹಾಗೆಯೇ ನೋಡತಕ್ಕದ್ದು. ಬೆಲೆ ಕಡಿಮೆಯೆಂದು ಕೊಂಡ ಯಂತ್ರದಿಂದ ಬಂದ ಕಾಗದವು ಕೆಲವು ವರ್ಷಗಳಲ್ಲಿ ಬರಿಯ ಬಿಳಿಯ ಹಾಳೆಯಾಗಿ ಪೆಟ್ಟಿಗೆಯಲ್ಲಿ ದೊರೆತರೆ, ಉಳಿಸಿದ ಹಣಕ್ಕಿಂತ ಹೋದ ದಾಖಲೆಯ ಬೆಲೆಯೇ ಹೆಚ್ಚಾಗುವುದು. ಈ ವಿಷಯದಲ್ಲಿ ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿ ಹೇಳಿದೆ.

ಅವಶ್ಯಕತೆಯ ವಿಚಾರ

ಯಂತ್ರವನ್ನು ಆರಿಸುವುದಕ್ಕೆ ಮೊದಲು ಯಂತ್ರವು ಬೇಕೇ ಬೇಡವೇ ಎಂಬುದನ್ನು ನಿಶ್ಚಯಿಸಬೇಕು. ಫ್ಯಾಕ್ಸಿನ ಕಾಲವು ಬಹುಮಟ್ಟಿಗೆ ಇಳಿಮುಖವಾಗಿದೆ ಎಂಬುದನ್ನು ಮರೆಮಾಚುವುದರಿಂದ ಯಾರಿಗೂ ಪ್ರಯೋಜನವಿಲ್ಲ. ನಮ್ಮ ದೇಶದಲ್ಲಿ ತಂತಿ ಸಮಾಚಾರದ ಸೇವೆಯು ೨೦೧೩ನೆಯ ಜುಲೈ ತಿಂಗಳಲ್ಲಿ ನಿಂತುಹೋಯಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ೨೦೧೯ನೆಯ ಜನವರಿಯಿಂದ ಹೊಸ ಫ್ಯಾಕ್ಸ್ ಯಂತ್ರಗಳನ್ನು ಕೊಳ್ಳಕೂಡದೆಂದು ಆಜ್ಞೆಯಾಯಿತು. ಕರ್ನಾಟಕದಲ್ಲಿ ಪಹಣಿಗಳು ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಸೇರಿದ ಮೇಲೆ, ಹಿಂದೆ ಒಂದು ಕಚೇರಿಯಿಂದ ಮತ್ತೊಂದಕ್ಕೆ ಕಳುಹಿಸಬೇಕಾಗಿದ್ದ ಎಷ್ಟೋ ನಕಲುಗಳನ್ನು ಈಗ ನೇರವಾಗಿಯೇ ಪಡೆಯಬಹುದಾಗಿದೆ. ಆದಾಗ್ಯೂ ಜಪಾನ್ ಮೊದಲಾದ ದೇಶಗಳಲ್ಲಿ ಫ್ಯಾಕ್ಸಿನ ಬಳಕೆ ಇನ್ನೂ ಉಂಟು; ನಮ್ಮಲ್ಲಿಯೂ ಕೆಲವು ವ್ಯಾಪಾರದ ಮನೆಗಳು ಸಹಿ ಮಾಡಿದ ಪತ್ರವನ್ನು ಫ್ಯಾಕ್ಸಿನಿಂದಲೇ ಕೇಳುವುದುಂಟು.

ಆದುದರಿಂದ ಕೊಳ್ಳತಕ್ಕವರು ಒಂದು ಹಾಳೆಯ ಮೇಲೆ, ಕಳೆದ ಒಂದು ವರ್ಷದಲ್ಲಿ ತಮ್ಮಿಂದ ಫ್ಯಾಕ್ಸ್ ಕೇಳಿದವರು ಯಾರು, ತಮಗೆ ಫ್ಯಾಕ್ಸ್ ಮಾಡಿದವರು ಯಾರು, ಒಟ್ಟು ಎಷ್ಟು ಪುಟಗಳಾದವು ಎಂಬುದನ್ನು ಬರೆದುಕೊಳ್ಳಬೇಕು. ಬಳಿಕ ಆ ಪ್ರತಿಯೊಬ್ಬರನ್ನೂ ಟೆಲಿಫೋನಿನಲ್ಲಿ ವಿಚಾರಿಸಿ, ಅವರ ಯಂತ್ರವು ಈಗಲೂ ಕೆಲಸ ಮಾಡುತ್ತಿದೆಯೆ, ಅಥವಾ ಸ್ಕ್ಯಾನ್ ಮಾಡಿದ ಪ್ರತಿಯನ್ನು ಇ-ಮೇಲಿನಲ್ಲಿ ಕಳುಹಿಸಿದರೆ ಸಾಕೆ ಎಂದು ಕೇಳಬೇಕು. ಸಾಕೆಂಬ ಉತ್ತರ ಬಂದಲ್ಲಿ ಫ್ಯಾಕ್ಸ್ ಯಂತ್ರಕ್ಕೆ ಹಣ ಹಾಕುವುದು ವ್ಯರ್ಥ. ಮತ್ತೊಂದು ಸಂಗತಿಯೂ ಗಮನಕ್ಕೆ ತಕ್ಕುದು: ಸಾಧಾರಣ ಫ್ಯಾಕ್ಸಿಗೆ ಕಪ್ಪು ಬಿಳುಪುಗಳಲ್ಲದೆ ಬೇರೆ ಬಣ್ಣ ತಿಳಿಯದು. ಅಡಿಕೆಯ ಎಲೆಚುಕ್ಕಿಯನ್ನಾಗಲಿ, ತೆಂಗಿನ ಗರಿ ಹಳದಿಯಾಗುವುದನ್ನಾಗಲಿ ತಜ್ಞರಿಗೆ ತೋರಿಸಿ ಸಲಹೆ ಪಡೆಯಲು ಫ್ಯಾಕ್ಸ್ ಏನೇನೂ ಪ್ರಯೋಜನಕ್ಕೆ ಬಾರದು. ಅದಕ್ಕೆ ಮೊಬೈಲಿನಿಂದ ತೆಗೆದ ಬಣ್ಣದ ಚಿತ್ರವೇ ಯೋಗ್ಯ.

ಯಂತ್ರವು ಕೆಲಸ ಮಾಡುವ ಬಗೆ

ಫ್ಯಾಕ್ಸ್ ಎಂಬುದು ಟೆಲಿಫೋನಿಗಿಂತ ಹಳೆಯ ಕಲ್ಪನೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೈನ್ ಎಂಬ ಗಡಿಯಾರ ತಯಾರಕನು ತಂತಿಯ ಮೂಲಕ ಬರಹದ ಪ್ರತಿಯನ್ನು ಕಳುಹಿಸುವ ಉಪಾಯಕ್ಕೆ ೧೮೪೩ರಲ್ಲಿಯೇ ಪೇಟೆಂಟು ಪಡೆದನು. ಇಟಲಿಯ ಕಾಸೆಲಿ ಎಂಬಾತನ ಯಂತ್ರದಿಂದ ೧೮೬೫ರಲ್ಲಿ ಪ್ಯಾರಿಸ್ ಮತ್ತು ಲಿಯೋನ್ ನಗರಗಳ ನಡುವೆ ಸಾರ್ವಜನಿಕರಿಗೆ ಈ ಸೇವೆ ದೊರೆಯಿತು. ಟೆಲಿಫೋನು ಬಂದುದು ೧೮೭೬ರಲ್ಲಿ. ಬೇರೆ ಬೇರೆ ಕಂಪೆನಿಗಳ ಯಂತ್ರಗಳು ಒಂದರೊಡನೊಂದು ಸುಲಭವಾಗಿ ಮಾತನಾಡುವಂತೆ ಮಾಡಿದ ‘ಗ್ರೂಪ್ ೩’ ಎಂಬ ಅಂತರರಾಷ್ಟ್ರೀಯ ನಿಯಮವು ೧೯೮೦ರಲ್ಲಿ ಜಾರಿಗೆ ಬಂದಿತು. ಮಾಮೂಲಿನ ಯಂತ್ರಗಳೆಲ್ಲವೂ ಇದೇ ನಿಯಮಕ್ಕೆ ಒಳಪಟ್ಟಿವೆ.

ಕೂರಿಗೆಯು ಹೊಲದಲ್ಲಿ ಸಾಲುಸಾಲಾಗಿ ಹೋಗುವಂತೆ ಯಂತ್ರವು ಹಾಳೆಯನ್ನು ಅಡ್ಡಸಾಲುಗಳಾಗಿ ಓದುತ್ತದೆ. ಒಂದೊಂದು ಸಾಲಿನಲ್ಲಿ ೧೭೨೮ ಚುಕ್ಕಿಗಳು. ಸಾಧಾರಣ ಕ್ರಮದಲ್ಲಿ ಒಂದು ಮಿಲಿಮೀಟರಿಗೆ ೩.೮೫ ಸಾಲುಗಳಂತೆ ೨೯೭ ಮಿಲಿಮೀಟರ್ ಉದ್ದದ ‘ಎ ೪’ ಹಾಳೆಗೆ ಸುಮಾರು ೧,೧೪೩ ಸಾಲುಗಳಾಗುತ್ತವೆ. ಅಂದರೆ ಒಂದು ಪುಟಕ್ಕೆ ಹೆಚ್ಚು ಕಡಮೆ ೧೯ ಮುಕ್ಕಾಲು ಲಕ್ಷ ಚುಕ್ಕಿಗಳು. ಪ್ರತಿಯೊಂದು ಚುಕ್ಕಿಯನ್ನೂ ಕಪ್ಪೆಂದೋ ಬಿಳಿಯೆಂದೋ ಬೇರೆಬೇರೆಯಾಗಿ ಹೇಳುತ್ತ ಹೋದರೆ, ಸೆಕೆಂಡಿಗೆ ೯,೬೦೦ ಸಂಜ್ಞೆಗಳ ವೇಗದಲ್ಲಿ ಒಂದು ಪುಟಕ್ಕೆ ೩ ನಿಮಿಷ ೨೫ ಸೆಕೆಂಡುಗಳಷ್ಟು ಕಾಲ ಹಿಡಿದೀತು.

ಇದನ್ನು ತಪ್ಪಿಸಲು ಯಂತ್ರವು ಒಂದು ಜಾಣತನವನ್ನು ಮಾಡುತ್ತದೆ. ರಾಗಿಯ ಹೊಲದಲ್ಲಿ ಅವರೆಯ ಅಕ್ಕಡಿ ಹಾಕಿರುವುದನ್ನು ವರ್ಣಿಸುವಾಗ ಯಾರೂ ಒಂದೊಂದು ಪೈರನ್ನೂ ಹೆಸರಿಸುವುದಿಲ್ಲ. ‘ಎಂಟು ಸಾಲು ರಾಗಿ, ಒಂದು ಸಾಲು ಅವರೆ’ ಎಂದರೆ ಮುಗಿಯಿತು. ಯಂತ್ರವೂ ಹಾಗೆಯೇ ‘ಇಷ್ಟು ಬಿಳಿ, ಇಷ್ಟು ಕಪ್ಪು’ ಎಂದು ಸಂಗ್ರಹವಾಗಿ ತಿಳಿಸುತ್ತದೆ. ಖಾಲಿ ಜಾಗ ಹೆಚ್ಚಾಗಿರುವ ಪತ್ರವು ಬೇಗನೆ ಹೋಗುವುದಕ್ಕೂ, ಕೋಷ್ಟಕ ಮತ್ತು ಸಣ್ಣ ಅಕ್ಷರಗಳಿಂದ ತುಂಬಿದ ಪಹಣಿಯು ನಿಧಾನವಾಗಿ ಹೋಗುವುದಕ್ಕೂ ಇದೇ ಕಾರಣ.

ಅಚ್ಚು ಮಾಡುವ ನಾಲ್ಕು ವಿಧಗಳು

ಕಳುಹಿಸುವುದರಲ್ಲಿ ಯಂತ್ರಗಳಿಗೆ ಅಷ್ಟಾಗಿ ಭೇದವಿಲ್ಲ. ಬಂದ ಕಾಗದವನ್ನು ಅಚ್ಚು ಮಾಡುವುದರಲ್ಲಿಯೇ ಮುಖ್ಯ ಭೇದವಿದೆ. ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚಾಗಿ ಲಕ್ಷ್ಯವಿಡಬೇಕಾದ ಭಾಗವಿದು.

ಮೊದಲನೆಯದು ಶಾಖದ ಕಾಗದದ ಯಂತ್ರ. ಇದರಲ್ಲಿ ಮಸಿಯಿಲ್ಲ. ಕಾಗದದ ಮೇಲೆಯೇ ಬಣ್ಣ ಕೊಡುವ ರಾಸಾಯನಿಕ ಲೇಪವಿದ್ದು, ಬಿಸಿ ತಗಲಿದ ಕಡೆ ಕಪ್ಪಾಗುತ್ತದೆ. ಯಂತ್ರವು ಸರಳ, ಹಗುರ, ಅಗ್ಗ. ಕೆಡುವ ಭಾಗಗಳು ಕಡಿಮೆ. ಆದರೆ ಬರಹವು ಸ್ಥಿರವಲ್ಲ. ಬಿಸಿಲು, ಸೆಕೆ, ಎಣ್ಣೆಯ ಕೈ, ಪ್ಲಾಸ್ಟಿಕ್ ಚೀಲ ಇವುಗಳಿಂದ ಅಕ್ಷರಗಳು ಮಾಸಿ ಕಡೆಗೆ ಮಾಯವಾಗುತ್ತವೆ. ಭದ್ರವಾಗಲೆಂದು ಬಿಸಿಯ ಲ್ಯಾಮಿನೇಶನ್ ಮಾಡಿಸಿದರಂತೂ ಹಾಳೆಯೆಲ್ಲವೂ ಒಂದೇ ಕ್ಷಣದಲ್ಲಿ ಕರಿದಾಗುತ್ತದೆ. ಕಾಗದವು ಈ ಜಾತಿಯದೇ ಎಂಬುದನ್ನು ತಿಳಿಯಲು ಉಗುರಿನಿಂದ ಜೋರಾಗಿ ಒಮ್ಮೆ ಗೀರಿದರೆ ಸಾಕು. ಕಪ್ಪು ಗೆರೆ ಮೂಡಿದರೆ ಅದು ಶಾಖದ ಕಾಗದ. ಮನೆಯಲ್ಲಿ ಇಂತಹ ಹಳೆಯ ಫ್ಯಾಕ್ಸ್ ಪ್ರತಿಗಳಿದ್ದರೆ, ಯಂತ್ರ ಕೊಳ್ಳಲಿ ಬಿಡಲಿ, ಓದಲು ಬರುವಾಗಲೇ ಅವುಗಳಿಗೆ ಜೆರಾಕ್ಸ್ ತೆಗೆಸಿ, ನಕಲನ್ನೂ ಮೂಲವನ್ನೂ ಕಾಗದದ ಲಕ್ಕೋಟೆಯಲ್ಲಿ ಜೊತೆಗಿಡತಕ್ಕದ್ದು.

ಎರಡನೆಯದು ಮಸಿಯ ಫಿಲ್ಮಿನ ಯಂತ್ರ. ಮಾಮೂಲು ಹಾಳೆಯ ಮೇಲೆ ಫಿಲ್ಮಿನ ಮಸಿಯನ್ನು ಬಿಸಿಯಿಂದ ಅಂಟಿಸುವುದು ಇದರ ಕ್ರಮ. ಬರಹವು ಶಾಖದ ಕಾಗದದಂತೆ ಮಾಯವಾಗುವುದಿಲ್ಲ. ಆದರೆ ಎರಡು ದೋಷಗಳುಂಟು. ಪುಟದಲ್ಲಿ ಒಂದೇ ಸಾಲಿನ ಬರಹವಿದ್ದರೂ ಪುಟದುದ್ದದ ಫಿಲ್ಮು ಖರ್ಚಾಗುತ್ತದೆ. ೩೦ ಮೀಟರಿನ ಸುರುಳಿಯಿಂದ ಸುಮಾರು ೧೦೦ ಪುಟಗಳು ಮಾತ್ರ. ಎರಡನೆಯದಾಗಿ, ಬಳಸಿದ ಫಿಲ್ಮಿನ ಮೇಲೆ ಬಂದ ಪತ್ರಗಳೆಲ್ಲವೂ ಅಚ್ಚಳಿಯದೆ ಉಳಿದಿರುತ್ತವೆ. ಬೆಳಕಿಗೆ ಹಿಡಿದರೆ ಯಾರು ಬೇಕಾದರೂ ಓದಬಹುದು. ಸಾಲದ ಪತ್ರ, ಕ್ರಯದ ಮಾತುಕತೆ, ಬ್ಯಾಂಕಿನ ಲೆಕ್ಕ ಇವು ಬಂದಿರುವ ಸುರುಳಿಯನ್ನು ತಿಪ್ಪೆಗೆ ಎಸೆಯಕೂಡದು. ಕತ್ತರಿಸಿ ಚೂರುಚೂರು ಮಾಡಬೇಕು.

ಮೂರನೆಯದು ದ್ರವ ಮಸಿಯನ್ನು ಸಿಂಪಡಿಸುವ ಇಂಕ್‌ಜೆಟ್ ಯಂತ್ರ. ಕೊಳ್ಳುವಾಗ ಬೆಲೆ ಅಗ್ಗವಾಗಿ ತೋರಿದರೂ, ವಾರಗಟ್ಟಲೆ ಬಳಸದೆ ಬಿಟ್ಟರೆ ಮಸಿಯ ಸೂಕ್ಷ್ಮ ರಂಧ್ರಗಳು ಒಣಗಿ ಕಟ್ಟಿಕೊಳ್ಳುತ್ತವೆ. ಸಿಂಪಡಿಕೆಯ ಪಂಪನ್ನು ತೊಳೆಯದೆ ಇಟ್ಟರೆ ನಳಿಗೆ ಕಟ್ಟುವಂತೆಯೇ ಇದು. ಅಪರೂಪಕ್ಕೊಮ್ಮೆ ಫ್ಯಾಕ್ಸ್ ಬರುವ ಹಳ್ಳಿಯ ಮನೆಗೆ ಇದು ಒಗ್ಗುವುದಿಲ್ಲ. ಅನೇಕ ಮಸಿಗಳು ನೀರು ತಗಲಿದರೆ ಹರಡಿಕೊಳ್ಳುವುದೂ ಉಂಟು.

ನಾಲ್ಕನೆಯದು ಲೇಸರ್ ಯಂತ್ರ. ಇದರಲ್ಲಿ ಟೋನರ್ ಎಂಬ ಒಣ ಪುಡಿಯನ್ನು ಶಾಖದಿಂದ ಕಾಗದಕ್ಕೆ ಕರಗಿಸಿ ಅಂಟಿಸಲಾಗುತ್ತದೆ. ಪುಡಿಯು ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೂ ಒಣಗಿ ಕೆಡುವ ಭಯವಿಲ್ಲ, ಬರಹವು ಸ್ಥಿರ, ಪುಟವೊಂದಕ್ಕೆ ಬೀಳುವ ಖರ್ಚು ಸಾಮಾನ್ಯವಾಗಿ ಕಡಿಮೆ. ಮೊದಲ ಬೆಲೆ ಹೆಚ್ಚು. ಬಿಸಿಯಾಗುವಾಗ ನೂರಾರು ವಾಟಿನಷ್ಟು ವಿದ್ಯುತ್ತನ್ನು ಎಳೆಯುತ್ತದೆಯಾದ್ದರಿಂದ ಗಣಕಯಂತ್ರಕ್ಕೆಂದು ಇಟ್ಟ ಸಣ್ಣ ಯುಪಿಎಸ್ಸಿಗೆ ಇದನ್ನು ಜೋಡಿಸಕೂಡದು. ದಾಖಲೆಗಳನ್ನು ಇಟ್ಟುಕೊಳ್ಳಬೇಕಾದವರಿಗೆ ನಾಲ್ಕರಲ್ಲಿ ಇದೇ ಮೇಲು. ಮುದ್ರಣ, ಸ್ಕ್ಯಾನಿಂಗ್, ಜೆರಾಕ್ಸ್ ಮತ್ತು ಫ್ಯಾಕ್ಸ್ ನಾಲ್ಕೂ ಕೂಡಿದ ಲೇಸರ್ ಯಂತ್ರವನ್ನು ಕೊಂಡರೆ, ಮುಂದೆ ಫ್ಯಾಕ್ಸಿನ ಬಳಕೆ ಪೂರ್ತಿಯಾಗಿ ನಿಂತರೂ ಉಳಿದ ಮೂರು ಕೆಲಸಗಳಿಗೆ ಯಂತ್ರವು ಉಪಯೋಗಕ್ಕೆ ಬರುವುದು.

ಕಳುಹಿಸುವ ಭಾಗದಲ್ಲಿ ನೋಡಬೇಕಾದುದು

ಅಗ್ಗದ ಯಂತ್ರಗಳಲ್ಲಿ ಹಾಳೆಯನ್ನು ಉರುಳೆಗಳ ನಡುವೆ ತೂರಿಸಬೇಕು. ಬಿಡಿ ಹಾಳೆಗಳಿಗೆ ಇದು ಸಾಕು. ಆದರೆ ಮಡಿಕೆಯಲ್ಲಿ ಸವೆದ ಹಳೆಯ ಕ್ರಯಪತ್ರ, ಹೊಲಿದ ಪುಸ್ತಕ, ಅಂಟಿಸಿದ ಚೀಟಿಗಳುಳ್ಳ ಕಾಗದ ಇವನ್ನು ಉರುಳೆಗೆ ಕೊಟ್ಟರೆ ಹರಿದುಹೋಗುವ ಅಪಾಯವಿದೆ. ಮೂಲಪತ್ರವನ್ನು ಎಂದಿಗೂ ಉರುಳೆಗೆ ಕೊಡಕೂಡದು. ಅದರ ಜೆರಾಕ್ಸ್ ತೆಗೆಸಿ ನಕಲನ್ನೇ ಕಳುಹಿಸಬೇಕು. ಮೇಲೆ ಗಾಜಿನ ಹಾಸುಳ್ಳ ಯಂತ್ರವಾದರೆ ಪತ್ರವನ್ನು ಗಾಜಿನ ಮೇಲೆ ಮಲಗಿಸಿ ಓದಿಸಬಹುದು. ಛಾಪಾ ಕಾಗದಗಳು ‘ಎ ೪’ ಹಾಳೆಗಿಂತ ಉದ್ದವಾಗಿರುವುದರಿಂದ, ಗಾಜಿನ ಉದ್ದ ಎಷ್ಟೆಂಬುದನ್ನು ಒಂದು ಛಾಪಾ ಕಾಗದವನ್ನಿಟ್ಟು ಅಳೆದೇ ನೋಡಬೇಕು. ಗುಂಡುಸೂಜಿ, ಸ್ಟೇಪಲ್ ತಂತಿಗಳನ್ನು ತೆಗೆಯದೆ ಹಾಳೆಯನ್ನು ಕೊಟ್ಟರೆ ಒಳಗಿನ ಗಾಜು ಗೀರುಬಿದ್ದು, ಮುಂದೆ ಕಳುಹಿಸುವ ಪ್ರತಿಯೊಂದು ಪುಟದ ಮೇಲೂ ಉದ್ದಕ್ಕೆ ಕಪ್ಪು ಗೆರೆ ಬೀಳುತ್ತದೆ.

ಕನ್ನಡದ ಪತ್ರಗಳಿಗೆ ಸಂಬಂಧಿಸಿದ ಒಂದು ವಿಶೇಷವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ನಮ್ಮ ಲಿಪಿಯಲ್ಲಿ ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ಭೇದವು ಅಡಿಯಲ್ಲಿನ ಒಂದು ಸಣ್ಣ ಸೀಳು ಮಾತ್ರ. ಒತ್ತಕ್ಷರಗಳು ಇನ್ನೂ ಚಿಕ್ಕವು. ಅಂಕಿಗಳಲ್ಲಿ ೦ ಮತ್ತು ೧ ಒಂದರಂತೆ ಒಂದು ತೋರುತ್ತವೆ. ಇಂಗ್ಲಿಷ್ ಅಂಕಿಗಳಲ್ಲಿಯೂ ಮೂರು ಎಂಟಾಗಿ, ಐದು ಆರಾಗಿ ಕಾಣುವುದುಂಟು. ಮಿಲಿಮೀಟರಿಗೆ ೩.೮೫ ಸಾಲುಗಳ ಸಾಧಾರಣ ಕ್ರಮದಲ್ಲಿ ಈ ಸೂಕ್ಷ್ಮಗಳು ಕಲಸಿಹೋಗುತ್ತವೆ. ಸರ್ವೆ ನಂಬರಿನಲ್ಲಿ ಒಂದು ಅಂಕಿ, ಹಿಸ್ಸೆಯಲ್ಲಿ ಒಂದು ಗುರುತು ಬದಲಾದರೆ ನೆರೆಯವರ ಜಮೀನಿನ ಮಾತಾಗಿಬಿಡುತ್ತದೆ. ಆದ್ದರಿಂದ ಯಂತ್ರದಲ್ಲಿ ‘ಫೈನ್’ ಎಂಬ ಗುಂಡಿ ಇರಲೇಬೇಕು. ಅದನ್ನೊತ್ತಿದರೆ ಮಿಲಿಮೀಟರಿಗೆ ೭.೭ ಸಾಲುಗಳಾಗಿ ಅಕ್ಷರವು ಸ್ಫುಟವಾಗುತ್ತದೆ. ಸಮಯವು ಹೆಚ್ಚು ಹಿಡಿಯುವುದು ನಿಜ. ಅಂಕಿಗಳಿರುವ ಯಾವ ಪತ್ರಕ್ಕಾದರೂ ಆ ಸಮಯವನ್ನು ಕೊಡುವುದೇ ಲೇಸು. ಇಷ್ಟಾದರೂ ಸಾಲದು: ಸರ್ವೆ ನಂಬರು, ವಿಸ್ತೀರ್ಣ, ಮೊಬಲಗು ಇವುಗಳನ್ನು ಮೇಲಿನ ಹಾಳೆಯಲ್ಲಿ ದೊಡ್ಡದಾಗಿ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದು ಕಳುಹಿಸುವ ಪದ್ಧತಿಯನ್ನು ಇಟ್ಟುಕೊಳ್ಳಬೇಕು.

ನೇರಿಳೆ ಬಣ್ಣದ ರಬ್ಬರ್ ಮೊಹರು, ತೆಳುವಾದ ಪೆನ್ಸಿಲ್ ಬರಹ ಇವು ಅನೇಕ ವೇಳೆ ಯಂತ್ರದ ಕಣ್ಣಿಗೆ ಬೀಳವು. ಬಣ್ಣದ ಕಾಗದದ ಮೇಲಿನ ಬರಹವು ಹಿನ್ನೆಲೆಯೊಡನೆ ಸೇರಿ ಕಪ್ಪಾಗಬಹುದು. ಬರಹವನ್ನು ಗಾಢ ಅಥವಾ ತೆಳು ಮಾಡುವ ಏರ್ಪಾಟು ಯಂತ್ರದಲ್ಲಿ ಇದೆಯೇ ಎಂಬುದನ್ನು ಕೇಳಿ ತಿಳಿಯಬೇಕು. ಸಹಿಯನ್ನು ಕಪ್ಪು ಮಸಿಯಲ್ಲಿ ಮಾಡುವುದು ಉತ್ತಮ.

ಟೆಲಿಫೋನು ತಂತಿ

ಒಳ್ಳೆಯ ಬೀಜವೂ ಚೌಳು ಭೂಮಿಯಲ್ಲಿ ಮೊಳೆಯದು. ಒಳ್ಳೆಯ ಯಂತ್ರವೂ ಕೆಟ್ಟ ತಂತಿಯಲ್ಲಿ ನಡೆಯದು. ಸಾಧಾರಣ ಫ್ಯಾಕ್ಸ್ ಯಂತ್ರಕ್ಕೆ ಸ್ಥಿರ ಟೆಲಿಫೋನು ಸಂಪರ್ಕ ಬೇಕು. ಮೊಬೈಲಿಗೆ ಅದನ್ನು ನೇರವಾಗಿ ಜೋಡಿಸಲಾಗದು. ಅನೇಕ ಊರುಗಳಲ್ಲಿ ತಾಮ್ರದ ತಂತಿಯ ಬದಲು ಗಾಜಿನ ಎಳೆಯ ಫೈಬರ್ ಸಂಪರ್ಕ ಬಂದಿದೆ. ಅದರಲ್ಲಿ ಧ್ವನಿಯು ಇಂಟರ್ನೆಟ್ಟಿನ ಕ್ರಮದಲ್ಲಿ ತುಂಡುತುಂಡಾಗಿ ಸಾಗುವುದರಿಂದ, ಮನುಷ್ಯರ ಮಾತು ಸ್ಪಷ್ಟವಾಗಿ ಕೇಳಿದರೂ ಫ್ಯಾಕ್ಸಿನ ಸ್ವರವು ಕೆಲವು ವೇಳೆ ಮಧ್ಯದಲ್ಲಿ ಕಡಿದುಹೋಗುತ್ತದೆ. ಫ್ಯಾಕ್ಸಿಗೆಂದೇ ‘ಟಿ ೩೮’ ಎಂಬ ನಿಯಮವುಂಟು. ಸಂಪರ್ಕ ಕೊಡುವವರು ಅದನ್ನು ಒದಗಿಸಿರುವರೇ ಎಂದು ಯಂತ್ರವನ್ನು ಕೊಳ್ಳುವುದಕ್ಕೆ ಮೊದಲೇ ವಿಚಾರಿಸಬೇಕು.

ತಾಮ್ರದ ತಂತಿಯಾದರೆ ರಿಸೀವರನ್ನು ಕಿವಿಗೆ ಹಿಡಿದು, ಮಳೆಯ ದಿನದಲ್ಲಿಯೂ ಬಿಸಿಲ ದಿನದಲ್ಲಿಯೂ ಕರಕರ ಸದ್ದು ಇದೆಯೇ ಎಂದು ಪರೀಕ್ಷಿಸಬೇಕು. ಸದ್ದಿರುವ ತಂತಿಗೆ ‘ಇ ಸಿ ಎಂ’ ಎಂಬ ತಪ್ಪು ತಿದ್ದುವ ಏರ್ಪಾಟು ಇರುವ ಯಂತ್ರವೇ ಬೇಕು. ಈ ಏರ್ಪಾಟಿದ್ದಲ್ಲಿ ಕೆಟ್ಟುಹೋದ ಭಾಗವನ್ನು ಯಂತ್ರಗಳು ತಾವಾಗಿಯೇ ಮತ್ತೆ ಕೇಳಿ ಪಡೆಯುತ್ತವೆ. ಇಲ್ಲದಿದ್ದಲ್ಲಿ ಪುಟದ ನಡುವಿನ ಕೆಲವು ಸಾಲುಗಳು ಬಿಟ್ಟುಹೋಗಿಯೋ ಹಿಗ್ಗಿಯೋ ಬರುತ್ತವೆ. ಎರಡು ಕಡೆಯ ಯಂತ್ರಗಳಲ್ಲಿಯೂ ಈ ಏರ್ಪಾಟು ಇದ್ದರೆ ಮಾತ್ರ ಪ್ರಯೋಜನ ಎಂಬುದನ್ನು ನೆನಪಿಡಬೇಕು.

ವೇಗದ ಜಾಹೀರಾತು

ಮಾರುವವರು ‘೬ ಸೆಕೆಂಡಿಗೆ ಒಂದು ಪುಟ’, ‘೩ ಸೆಕೆಂಡಿಗೆ ಒಂದು ಪುಟ’ ಎಂದು ಹೊಗಳುವುದುಂಟು. ಮೊದಲನೆಯದು ಸೆಕೆಂಡಿಗೆ ೧೪,೪೦೦ ಸಂಜ್ಞೆಗಳ ಯಂತ್ರ. ಎರಡನೆಯದು ೩೩,೬೦೦ ಸಂಜ್ಞೆಗಳದು. ಈ ಲೆಕ್ಕವು ಬರಹ ಕಡಿಮೆಯಿರುವ ಮಾದರಿ ಪತ್ರವನ್ನು, ಸಾಧಾರಣ ಕ್ರಮದಲ್ಲಿ, ಒಳ್ಳೆಯ ತಂತಿಯಲ್ಲಿ ಕಳುಹಿಸಿ ಮಾಡಿದುದು. ತುಂಬಿದ ಪಹಣಿಯನ್ನು ಫೈನ್ ಕ್ರಮದಲ್ಲಿ ಕಳುಹಿಸಿದಾಗ ಕಾಲವು ಅನೇಕ ಪಾಲು ಹೆಚ್ಚುವುದು. ಅಲ್ಲದೆ ಎರಡು ಯಂತ್ರಗಳು ಸೇರಿದಾಗ ನಿಧಾನವಾದುದರ ವೇಗವೇ ಇಬ್ಬರದೂ ಆಗುತ್ತದೆ. ಚುರುಕಾದ ಎತ್ತಿಗೆ ಮಂದವಾದ ಎತ್ತನ್ನು ಜೊತೆಗಟ್ಟಿದಂತೆ. ಹಳ್ಳಿಯ ತಂತಿಯಲ್ಲಿ ಯಂತ್ರವು ತಾನಾಗಿಯೇ ೯,೬೦೦ಕ್ಕೆ ಇಳಿದುಬಿಡುವುದು ಸಾಮಾನ್ಯ. ಸಾಧಾರಣ ಬಳಕೆಗೆ ೧೪,೪೦೦ರ ಯಂತ್ರವೇ ಸಾಕು. ಹೆಚ್ಚಿನ ವೇಗಕ್ಕೆ ಕೊಡುವ ಹಣವನ್ನು ಗಾಜಿನ ಹಾಸಿಗೂ ಲೇಸರ್ ಅಚ್ಚಿಗೂ ಕೊಡುವುದು ಬುದ್ಧಿವಂತಿಕೆ.

ವಿದ್ಯುತ್ತು ಮತ್ತು ಸಿಡಿಲು

ಕಾಗದ ಮುಗಿದಾಗ ಬಂದ ಪತ್ರವನ್ನು ಯಂತ್ರವು ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಆದರೆ ಅಗ್ಗದ ಯಂತ್ರಗಳಲ್ಲಿ ಕರೆಂಟು ಹೋದೊಡನೆ ಆ ನೆನಪು ಅಳಿಯುತ್ತದೆ. ಕಳುಹಿಸಿದವರಿಗೆ ‘ತಲುಪಿತು’ ಎಂಬ ವರದಿ ಹೋಗಿರುತ್ತದೆ, ಪಡೆದವರ ಕೈಗೆ ಮಾತ್ರ ಏನೂ ಸಿಕ್ಕದು. ಕರೆಂಟು ಹೋದರೂ ನೆನಪು ಉಳಿಯುವ ಯಂತ್ರವನ್ನೇ ಕೇಳಿ ಕೊಳ್ಳಬೇಕು. ಕಾಗದದ ತಟ್ಟೆಯನ್ನು ಖಾಲಿ ಬಿಡಕೂಡದು.

ಸಿಡಿಲಿನ ಹಾನಿಯು ಈ ಯಂತ್ರಕ್ಕೆ ಎರಡು ದಾರಿಗಳಿಂದ ಬರುತ್ತದೆ; ಒಂದು ವಿದ್ಯುತ್ ತಂತಿ, ಮತ್ತೊಂದು ತಾಮ್ರದ ಟೆಲಿಫೋನು ತಂತಿ. ವಿದ್ಯುತ್ತಿನ ಪ್ಲಗ್ಗನ್ನು ಮಾತ್ರ ಕಿತ್ತು ನಿಶ್ಚಿಂತರಾದವರ ಯಂತ್ರಗಳು ಟೆಲಿಫೋನು ತಂತಿಯ ಮೂಲಕ ಸುಡುವುದುಂಟು. ಅಶ್ವಿನಿ, ಭರಣಿ ಮಳೆಗಳ ಗುಡುಗಿನ ದಿನಗಳಲ್ಲಿ ಮೋಡ ಕಟ್ಟುವುದಕ್ಕೆ ಮೊದಲೇ ಎರಡನ್ನೂ ಬಿಡಿಸಬೇಕು. ಗುಡುಗು ಹತ್ತಿರವಾದ ಮೇಲೆ ತಂತಿಯನ್ನು ಮುಟ್ಟಕೂಡದು. ಮನೆಗೆ ಸರಿಯಾದ ಅರ್ಥಿಂಗ್ ಇರುವುದೂ ಅವಶ್ಯಕ.

ಖರ್ಚಿನ ಲೆಕ್ಕ

ಯಂತ್ರದ ಬೆಲೆಯನ್ನು ಒಂದು ಸಲ ಕೊಟ್ಟರೆ ಮುಗಿಯಿತು. ಫಿಲ್ಮು ಅಥವಾ ಟೋನರು, ಕಾಗದ, ಟೆಲಿಫೋನಿನ ಬಾಡಿಗೆ ಇವನ್ನು ಸದಾ ಕೊಡುತ್ತಿರಬೇಕು. ಲೆಕ್ಕದ ಕ್ರಮವನ್ನು ತೋರಿಸಲು ಕೆಲವು ಬೆಲೆಗಳನ್ನು ಊಹಿಸಿಕೊಳ್ಳೋಣ. ಫಿಲ್ಮಿನ ಸುರುಳಿಗೆ ೫೦೦ ರೂಪಾಯಿ, ಅದರಿಂದ ೧೦೦ ಪುಟ ಎಂದಾದರೆ ಪುಟಕ್ಕೆ ೫ ರೂಪಾಯಿ. ಟೋನರಿಗೆ ೨,೪೦೦ ರೂಪಾಯಿ, ಅದರಿಂದ ೧,೬೦೦ ಪುಟ ಎಂದಾದರೆ ಪುಟಕ್ಕೆ ಒಂದೂವರೆ ರೂಪಾಯಿ. ಆದರೆ ಫ್ಯಾಕ್ಸಿಗಾಗಿಯೇ ಟೆಲಿಫೋನು ಹಾಕಿಸಿ ತಿಂಗಳಿಗೆ ೨೦೦ ರೂಪಾಯಿ ಬಾಡಿಗೆ ಕೊಟ್ಟು, ತಿಂಗಳಿಗೆ ೧೦ ಪುಟ ಮಾತ್ರ ಬಳಸಿದರೆ, ಬಾಡಿಗೆಯೊಂದೇ ಪುಟಕ್ಕೆ ೨೦ ರೂಪಾಯಿ ಬೀಳುವುದು. ಪ್ರತಿಯೊಬ್ಬರೂ ತಮ್ಮ ಪೇಟೆಯ ಬೆಲೆಗಳನ್ನು ಹಾಕಿ ಇದೇ ಲೆಕ್ಕವನ್ನು ಮಾಡಿ ನೋಡತಕ್ಕದ್ದು. ಬಂದ ಮೊತ್ತವು ಪಟ್ಟಣದ ಅಂಗಡಿಯಲ್ಲಿ ಕೊಡುವ ದರಕ್ಕೂ ಹೋಗಿ ಬರುವ ಖರ್ಚಿಗೂ ಮೀರಿದರೆ ಸ್ವಂತ ಯಂತ್ರವು ಲಾಭಕರವಲ್ಲ. ಗ್ರಾಮದ ಸಹಕಾರ ಸಂಘವು ಒಂದು ಯಂತ್ರವನ್ನಿಟ್ಟು ಹತ್ತಾರು ಮನೆಗಳವರು ಬಳಸಿದರೆ ಬಾಡಿಗೆಯ ಭಾರವು ಹಂಚಿಹೋಗುತ್ತದೆ.

ಸಾಮಗ್ರಿಗಳು ದೊರೆಯುವ ವಿಚಾರವನ್ನೂ ಮರೆಯಕೂಡದು. ಮಾರಾಟಕ್ಕೆ ಬರುವ ಯಂತ್ರಗಳಲ್ಲಿ ಹಳೆಯವು ಬಹಳ. ಅವುಗಳ ಫಿಲ್ಮು ಅಥವಾ ಟೋನರು ಆ ಮಾದರಿಗೆ ಮಾತ್ರ ಹೊಂದುವಂಥದು. ತಯಾರಿಕೆ ನಿಂತಿದ್ದರೆ ಯಂತ್ರವು ಕಬ್ಬಿಣದ ಬೆಲೆಗೂ ಬಾರದು. ಯಂತ್ರವನ್ನು ಕೊಳ್ಳುವ ದಿನವೇ ಅದಕ್ಕೆ ಹೊಂದುವ ಹೊಸ ಸುರುಳಿ ಅಥವಾ ಟೋನರ್ ಪೆಟ್ಟಿಗೆಯನ್ನು ಅಂಗಡಿಯವರು ಕೈಗೆ ತಂದುಕೊಡಬೇಕು. ತರಿಸಿಕೊಡುತ್ತೇವೆ ಎಂಬ ಮಾತಿನ ಮೇಲೆ ಹಣ ಕೊಡುವುದು ಸರಿಯಲ್ಲ.

ಕೊಳ್ಳುವ ಮೊದಲು ಪರೀಕ್ಷೆ

ಬಿತ್ತನೆಗೆ ಮೊದಲು ನೂರು ಬೀಜಗಳನ್ನು ಒದ್ದೆಬಟ್ಟೆಯಲ್ಲಿಟ್ಟು ಮೊಳಕೆಯನ್ನು ಎಣಿಸುವಂತೆ ಯಂತ್ರವನ್ನೂ ಪರೀಕ್ಷಿಸಿ ಕೊಳ್ಳಬೇಕು. ಪರೀಕ್ಷೆಯ ಕ್ರಮ ಹೀಗಿದೆ.

೧. ಸಣ್ಣ ಅಕ್ಷರದ ಒಂದು ಪಹಣಿಯ ನಕಲು, ಕೈಬರಹದ ಒಂದು ಪತ್ರ, ಮೊಹರೂ ಸಹಿಯೂ ಇರುವ ಒಂದು ಹಾಳೆ, ಈ ಮೂರನ್ನು ಅಂಗಡಿಗೆ ಒಯ್ಯಬೇಕು.

೨. ಮೊದಲು ಯಂತ್ರದ ‘ಕಾಪಿ’ ಗುಂಡಿಯಿಂದ ಈ ಮೂರರ ನಕಲು ತೆಗೆಯಬೇಕು. ಟೆಲಿಫೋನಿನ ಸಂಬಂಧವಿಲ್ಲದೆ ಓದುವ ಭಾಗ, ಅಚ್ಚು ಮಾಡುವ ಭಾಗ ಎರಡೂ ಇದರಿಂದ ಪರೀಕ್ಷಿತವಾಗುತ್ತವೆ. ಉದ್ದಕ್ಕೆ ಗೆರೆ, ಅರ್ಧ ತೆಳುವಾದ ಅಚ್ಚು ಕಂಡುಬಂದರೆ ಯಂತ್ರವನ್ನು ಬಿಡಬೇಕು.

೩. ಹತ್ತು ಹಾಳೆಗಳನ್ನು ಒಟ್ಟಿಗೆ ಉರುಳೆಗೆ ಕೊಟ್ಟು, ಒಂದೊಂದಾಗಿ ಎಳೆದುಕೊಳ್ಳುತ್ತದೆಯೇ, ಎರಡೆರಡು ಸೇರಿ ಹೋಗುತ್ತವೆಯೇ ಎಂದು ಎಣಿಸಬೇಕು. ಎರಡು ಸೇರಿ ಹೋದರೆ ಒಂದು ಪುಟವು ಕಳುಹಿಸಿದವರಿಗೆ ತಿಳಿಯದೆಯೇ ತಪ್ಪಿಹೋಗುತ್ತದೆ.

೪. ಬಳಿಕ ಬೇರೊಂದು ಯಂತ್ರಕ್ಕೆ ಫೈನ್ ಕ್ರಮದಲ್ಲಿ ಕಳುಹಿಸಿ, ಅಲ್ಲಿಂದ ಮರಳಿ ತರಿಸಿಕೊಂಡು, ಸರ್ವೆ ನಂಬರುಗಳನ್ನು ಮೂಲದೊಡನೆ ಒಂದೊಂದಾಗಿ ತಾಳೆ ನೋಡಬೇಕು.

೫. ತಂತಿಯನ್ನು ಬಿಡಿಸಿ ಹದಿನೈದು ನಿಮಿಷ ಬಿಟ್ಟು ಮತ್ತೆ ಹಾಕಿದಾಗ ಗಡಿಯಾರವೂ ಊರಿನ ಹೆಸರೂ ನಂಬರೂ ಉಳಿದಿವೆಯೇ ಎಂದು ನೋಡಬೇಕು.

೬. ಸಾಧ್ಯವಾದಲ್ಲಿ ಯಂತ್ರವನ್ನು ತಮ್ಮ ಮನೆಯ ತಂತಿಗೇ ಜೋಡಿಸಿ ನೋಡಿದ ಬಳಿಕ ಹಣ ಕೊಡುವ ಕರಾರು ಮಾಡಿಕೊಳ್ಳಬೇಕು. ರಸೀತಿಯಲ್ಲಿ ಮಾದರಿಯ ನಂಬರನ್ನು ಬರೆಯಿಸಬೇಕು.

ಕೊಂಡ ಮೇಲಿನ ಎಚ್ಚರಿಕೆ

ಫ್ಯಾಕ್ಸ್ ಪುಟದ ನೆತ್ತಿಯ ಮೇಲೆ ಕಳುಹಿಸಿದವರ ಹೆಸರು, ನಂಬರು, ದಿನಾಂಕ, ಗಂಟೆ ಅಚ್ಚಾಗುತ್ತವೆ. ಇವು ಕಳುಹಿಸುವ ಯಂತ್ರದ ಗಡಿಯಾರವನ್ನು ನಂಬಿ ಬರುವಂಥವು. ಗಡಿಯಾರವು ತಪ್ಪಾಗಿದ್ದರೆ, ಗಡುವಿನೊಳಗೆ ಕಳುಹಿಸಿದ ಆಕ್ಷೇಪಣೆಯೂ ಗಡುವು ಮೀರಿ ಬಂದಂತೆ ಕಾಣಬಹುದು. ಆದುದರಿಂದ ಪ್ರತಿ ತಿಂಗಳೂ, ಕರೆಂಟು ಬಹಳ ಹೊತ್ತು ಹೋಗಿ ಬಂದಾಗಲೆಲ್ಲವೂ, ಗಡಿಯಾರವನ್ನು ಸರಿಪಡಿಸತಕ್ಕದ್ದು.

ಕಳುಹಿಸಿದ ಬಳಿಕ ಯಂತ್ರವು ಕೊಡುವ ವರದಿಯಲ್ಲಿ ‘ಓಕೆ’ ಎಂದಿದ್ದರೆ, ಎದುರಿನ ಯಂತ್ರವು ಸಂಜ್ಞೆಗಳನ್ನು ಸ್ವೀಕರಿಸಿತು ಎಂಬಷ್ಟೇ ಅರ್ಥ. ಅಲ್ಲಿ ಕಾಗದವಿತ್ತೆ, ಅಕ್ಷರಗಳು ಓದಲು ಬಂದುವೆ, ಸಂಬಂಧಪಟ್ಟವರ ಕೈಗೆ ಸೇರಿತೆ ಎಂಬುದನ್ನು ವರದಿಯು ಹೇಳದು. ಹಾಳೆಯನ್ನು ಹಿಂದುಮುಂದಾಗಿ ತೂರಿಸಿ ಬರಿಯ ಬಿಳಿ ಪುಟವನ್ನು ಕಳುಹಿಸಿದರೂ ‘ಓಕೆ’ ಎಂದೇ ಬರುತ್ತದೆ. ಮುಖ್ಯವಾದ ಪತ್ರವನ್ನು ಕಳುಹಿಸಿದೊಡನೆ ಟೆಲಿಫೋನು ಮಾಡಿ, ಎಷ್ಟು ಪುಟ ಬಂದುವೆಂದು ಕೇಳಿ, ಪಡೆದವರ ಹೆಸರನ್ನು ವರದಿಯ ಮೇಲೆಯೇ ಬರೆದಿಡಬೇಕು. ಗಡುವುಳ್ಳ ಪತ್ರಗಳ ಮೂಲವನ್ನು ಅದೇ ದಿನ ಅಂಚೆಯಲ್ಲಿಯೂ ಕಳುಹಿಸುವುದು ಕ್ಷೇಮ.

ಸಾರಾಂಶ

ಫ್ಯಾಕ್ಸ್ ಕೇಳುವವರು ಇಲ್ಲದಿದ್ದರೆ ಅಥವಾ ತಿಂಗಳಿಗೆ ಕೆಲವೇ ಪುಟಗಳಿದ್ದರೆ ಯಂತ್ರವನ್ನು ಕೊಳ್ಳಬೇಕಾದುದಿಲ್ಲ. ಅವಶ್ಯಕತೆ ಇದ್ದವರು ಗಾಜಿನ ಹಾಸು, ಫೈನ್ ಕ್ರಮ, ತಪ್ಪು ತಿದ್ದುವ ಏರ್ಪಾಟು, ಕರೆಂಟು ಹೋದರೂ ಉಳಿಯುವ ನೆನಪು ಇವುಳ್ಳ ಲೇಸರ್ ಯಂತ್ರವನ್ನು ಕೊಳ್ಳುವುದು ಒಳ್ಳೆಯದು. ಅದು ಸಾಧ್ಯವಾಗದವರು ಫಿಲ್ಮಿನ ಯಂತ್ರವನ್ನು ಕೊಳ್ಳಬಹುದು. ಶಾಖದ ಕಾಗದದ ಯಂತ್ರವು ಪುಕ್ಕಟೆಯಾಗಿ ದೊರೆತರೂ, ಬಂದ ಪ್ರತಿಯೊಂದು ಪುಟಕ್ಕೂ ಆ ದಿನವೇ ಜೆರಾಕ್ಸ್ ತೆಗೆಸುವ ಶಿಸ್ತು ಇದ್ದವರಿಗೆ ಮಾತ್ರ ಅದು ತಕ್ಕುದು. ಈಗಾಗಲೇ ಪೆಟ್ಟಿಗೆಗಳಲ್ಲಿರುವ ಹಳೆಯ ಫ್ಯಾಕ್ಸ್ ಪ್ರತಿಗಳನ್ನು ತೆಗೆದು ನೋಡುವ ಕೆಲಸವನ್ನು ಮಾತ್ರ ಯಾರೂ ಮುಂದೂಡಬಾರದು.